ನಾಲ್ಕನೇ ಫಾರಂ

ಸಂಜೆ ಮೇಷ್ಟ್ರು ಕೇಳಿಯೇ ಕೇಳುತ್ತಾರೆ ಎಂಬುದು ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚುವಾಗಲೇ ಪ್ರಕಾಶಕನಿಗೆ ಖಾತ್ರಿಯಾಗಿತ್ತು. 'ಯಾವುದು ಹಿಡಿಸ್ತಯ್ಯ?' ಅಷ್ಟೇ ಪ್ರಶ್ನೆ. ಹೈಸ್ಕೂಲಿನಲ್ಲಿ ಪುಸ್ತಕ ಕೊಟ್ಟು ಕಳಿಸಿ ಮುಂದಿನ ವಾರ ಇದನ್ನೇ ಕೇಳುತ್ತಿದ್ದರು. ಚೆನ್ನಾಗಿದೆ ಸಾರ್ ಎಂದರೆ ಮುಖ ಹುಳ್ಳಗೆ ಮಾಡಿಕೊಂಡು, 'ಚೆನ್ನಾಗಿದೆ ಅಂತ ನಿಮ್ಮ ಸೋದರಮಾವನ ಹೊಸ ಚಪ್ಪಲಿಗೆ ಹೇಳು, ಪುಸ್ತಕಕ್ಕೆ ಯಾವ ಸಾಲು ಅಂತ ಹೇಳು' ಎನ್ನುತ್ತಿದ್ದರು. ಆಗ ಅವನು ಹೇಳುತ್ತಿದ್ದ. ಓದಿರುತ್ತಿದ್ದ, ಅದಕ್ಕೇ ಹೇಳುತ್ತಿದ್ದ. ಈಗ ಅದೇ ಮೇಷ್ಟ್ರ ಕವನ ಸಂಕಲನವನ್ನು ತಾನೇ ಅಚ್ಚು ಹಾಕಿಸಿ, ತಾನೇ ಬೆನ್ನುಡಿ ಬರೆದು, ಸಂಜೆ ಬಿಡುಗಡೆ ಇಟ್ಟುಕೊಂಡಿದ್ದಾನೆ. ಒಳಗೆ ಏನಿದೆ ಎಂದು ಮಾತ್ರ ಗೊತ್ತಿಲ್ಲ. ಕನ್ನಡಿಯಲ್ಲಿ ಅರ್ಧ ಬೋಳಿಸಿದ ಗಡ್ಡ ಅವನನ್ನೇ ನೋಡುತ್ತಿತ್ತು. 'ಒಂದೆರಡು ಕವನ ಓದಿಕೊಂಡು ಹೋದರಾಯಿತು' ಎಂದು ಅದಕ್ಕೆ ಸಮಾಧಾನ ಹೇಳಿದ. ಪರೀಕ್ಷೆಯ ದಿನ ಬೆಳಿಗ್ಗೆ ಇದೇ ಮಾತು ಹೇಳಿಕೊಂಡು ಫೇಲಾದವರಿಗಾಗಿಯೇ ಅವನು ಒಂದು ಗೈಡು ಕೂಡ ಪ್ರಕಟಿಸಿದ್ದ.

ಗೈಡು ಒಂದೇ ಅಲ್ಲ. ಅವನ ಪ್ರಕಾಶನದಲ್ಲಿ ಇಲ್ಲದ್ದಿಲ್ಲ. ಮೇಕೆ ಸಾಕುವ ಪುಸ್ತಕವಿತ್ತು, ಕನಸುಗಳ ಅರ್ಥ ಹೇಳುವ ಪುಸ್ತಕವಿತ್ತು, ನಿವೃತ್ತ ನ್ಯಾಯಾಧೀಶರೊಬ್ಬರ ಮಹಾಕಾವ್ಯವಿತ್ತು (ಅದನ್ನು ಎತ್ತಿ ಕಪಾಟಿನ ಮೇಲಿಡಲು ಇಬ್ಬರು ಬೇಕು), ಮಕ್ಕಳಿಗೆ ಒಗಟು, ಹದಿಹರೆಯದವರಿಗೆ ಮಾದರಿ ಪ್ರೇಮಪತ್ರಗಳು, ಆ ಪತ್ರ ಬರೆದು ಮದುವೆಯಾದವರಿಗೆ ಕೋಪ ನಿಗ್ರಹ. ಶೂನ್ಯದ ಬಗ್ಗೆ ಒಬ್ಬ ತತ್ತ್ವಜ್ಞಾನಿಯ ಉಪನ್ಯಾಸಗಳಿದ್ದವು, ಅದರ ಪಕ್ಕದಲ್ಲೇ ಹೊಟ್ಟೆ ಕರಗಿಸುವ ವಿಧಾನಗಳಿದ್ದವು. ಪತ್ರಿಕೆಯವರು ಬಂದು ನಿಮ್ಮ ಧ್ಯೇಯ ಏನು ಎಂದು ಕೇಳಿದಾಗ ಅವನು ಕಣ್ಣು ಅರ್ಧ ಮುಚ್ಚಿ 'ವೈವಿಧ್ಯ' ಎಂದಿದ್ದ. ಮರುದಿನ ಅದು ದಪ್ಪಕ್ಷರದಲ್ಲಿ ಬಂದಿತ್ತು. 'ಯಾವುದನ್ನ ಓದ್ಬೇಕು ಅಂತ ಗೊತ್ತಿಲ್ದೋನಿಗೆ ಎಲ್ಲಾನೂ ವೈವಿಧ್ಯನೇ' ಎಂದು ಹೆಂಡತಿ ಪತ್ರಿಕೆ ಮಡಿಸಿ ಕಪಾಟಿನ ಅಡಿಗೆ ಹಾಸಿದ್ದಳು. ಎಲ್ಲ ಪುಸ್ತಕಕ್ಕೂ ಬೆನ್ನುಡಿ ಅವನದೇ. ಅದು ಅವನ ಶೋಕಿ. ಹೆಸರು ನೋಡಿ, ಒಳಗಿನ ಎರಡು ಪುಟ ಮೂಸಿ, ಹತ್ತು ಸಾಲು ಬರೆದುಬಿಡುತ್ತಿದ್ದ. 'ಬದುಕಿನ ಸೂಕ್ಷ್ಮಗಳನ್ನು ಹದವಾಗಿ ಹಿಡಿದಿಟ್ಟಿರುವ ಈ ಕೃತಿ' ಎಂದು ಶುರುಮಾಡಿದರೆ ಆ ಕೃತಿ ಮೇಕೆಯದಾದರೂ ಸರಿ, ಮಹಾಕಾವ್ಯವಾದರೂ ಸರಿ, ತಕರಾರಿಲ್ಲದೆ ಒಳಗೆ ಹೋಗಿ ಕೂರುತ್ತಿತ್ತು. ಮೇಷ್ಟ್ರ ಸಂಕಲನಕ್ಕೆ ಬರೆಯುವಾಗ ಮಾತ್ರ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಅದೂ ಸಾಗಿತು.

ಆಫೀಸು ಎಂದು ಅವನು ಕರೆಯುವ ಕೋಣೆಗೆ ಒಂದು ಕಿಟಕಿ, ಆ ಕಿಟಕಿಗೆ ಅಡ್ಡವಾಗಿ ಮಾರಾಟವಾಗದ ಮಹಾಕಾವ್ಯ. ಬೈಂಡರ್ ಕಡೆಯಿಂದ ನಿನ್ನೆ ಬಂದ ಮೇಷ್ಟ್ರ ಪುಸ್ತಕದ ಕಟ್ಟುಗಳು ಬಾಗಿಲ ಪಕ್ಕದಲ್ಲಿ ಹಾಗೇ ದಾರ ಬಿಗಿಸಿಕೊಂಡು ಕೂತಿದ್ದವು. ಒಂದು ಕಟ್ಟಿನ ದಾರಕ್ಕೆ ಕತ್ತರಿ ಹಾಕುವಷ್ಟರಲ್ಲಿ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಹೆಂಗಸಿನ ದನಿ, ವಯಸ್ಸಾದದ್ದು, ಆದರೆ ಹರಿತ ಕಡಿಮೆಯಾಗಿರಲಿಲ್ಲ.

"'ಮನೆಯ ನಲ್ಲಿ ನಿಮ್ಮ ಕೈಯಲ್ಲಿ' ಅನ್ನೋ ಪುಸ್ತಕ ಹಾಕಿರೋರು ನೀವೇನಾ?"

"ಹೌದಮ್ಮಾ, ನಮ್ಮದೇ. ತುಂಬ ಬೇಡಿಕೆ ಇರೋ ಪುಸ್ತಕ, ಹೊಸ ಮುದ್ರಣ ಬಂದಿದೆ..."

"ಹೊಸ ಮುದ್ರಣಾನೇ ನನ್ನ ಕೈಲಿದೆ. ಅಡುಗೆಮನೆ ನಲ್ಲಿ ಸೋರ್ತಾ ಇದೆ. 'ಹಳೆ ವಾಷರ್ ತೆಗೆಯುವ ಮುನ್ನ ಗಮನಿಸಿ' ಅಂತ ಪುಟದ ಕೊನೇಲಿದೆ. ಏನು ಗಮನಿಸಲಿ ಅಂತ ಮುಂದಿನ ಪುಟ ತಿರುಗಿಸಿದ್ರೆ, ಕೇಳಿ ಇಲ್ಲಿ." ಅವಳು ಗಂಟಲು ಸರಿಮಾಡಿಕೊಂಡು, ಔಷಧಿ ಸೀಸೆಯ ಮೇಲಿನ ಚೀಟಿ ಓದುವ ಧಾಟಿಯಲ್ಲಿ ಓದಿದಳು. "'ನೀನು ಹೋದ ಮೇಲೆ ಮನೆಯಲ್ಲಿ ಹೆಚ್ಚೇನೂ ಬದಲಾಗಿಲ್ಲ. ಬಾಗಿಲು ತೆಗೆಯಲು ಮಾತ್ರ ನಾನೇ ಏಳಬೇಕು.' ಇದನ್ನ ಯಾವ ಸ್ಪ್ಯಾನರಲ್ಲಿ ತಿರುಗಿಸೋದು ಸ್ವಾಮಿ? ಇನ್ನೂ ಇದೆ, ಕೇಳ್ತೀರಾ?"

ಅವನು ಕೇಳಲಿಲ್ಲ. ಅವನ ಕೈಯ ಕತ್ತರಿ ಕಟ್ಟಿನ ಮೇಲೆಯೇ ನಿಂತಿತ್ತು. "ಸಾಕಮ್ಮಾ ಸಾಕು, ಏನೋ ಎಡವಟ್ಟಾಗಿದೆ. ಹೊಸ ಪ್ರತಿ ಕಳಿಸ್ತೀನಿ."

"ಅದು ಬರೋವರೆಗೂ ನಲ್ಲಿ ಕೆಳಗೆ ಕೈಯೊಡ್ಡಿ ನಿಂತಿರಲಾ?"

"ಈಗಲೇ ಮತ್ತೆ ಫೋನ್ ಮಾಡ್ತೀನಮ್ಮಾ," ಎಂದು ಇಟ್ಟುಬಿಟ್ಟ. ಈಗಲೇ ಎಂಬುದು ಅವನ ಪ್ರಕಾಶನದಲ್ಲಿ ಬಹಳ ವಿಶಾಲವಾದ ಶಬ್ದ. ಅದರೊಳಗೆ ಎಷ್ಟೋ ಲೇಖಕರ ಕೂದಲು ಬೆಳ್ಳಗಾಗಿತ್ತು.

ಕಟ್ಟು ಬಿಚ್ಚಿ ಒಂದು ಪ್ರತಿ ತೆಗೆದ. ಚೆಂದದ ಪುಸ್ತಕ, ಬೂದು ಬಣ್ಣದ ರಕ್ಷಾಪುಟ. ನಡುವಿಗೆ ತೆರೆದರೆ, ದುಂಡಗೆ ಒಂದು ಚಿತ್ರ, ಅದರ ಮಧ್ಯೆ ತೂತು. ವಾಷರ್. ಅದರ ಕೆಳಗೆ ಸಾಲುಗಳು. ಮೊದಲು ನೀರು ನಿಲ್ಲಿಸಿ. ಒಳಗೆ ಉಳಿದದ್ದು ತಾನಾಗಿ ಹರಿದುಹೋಗಲಿ. ಇನ್ನೊಂದು ಪ್ರತಿ ತೆಗೆದ, ಅದರಲ್ಲೂ ವಾಷರ್. ಮತ್ತೊಂದು, ಮಗದೊಂದು. ಬಿಸಿ ನೀರಿನ ನಲ್ಲಿಯ ಬಗ್ಗೆ ಎಚ್ಚರಿಕೆ ಮುಗಿದ ಮೇಲೆ ಪುಟ ತಿರುಗಿಸಿದರೆ ಮತ್ತೆ ಮೇಷ್ಟ್ರ ಕವನ, ಏನೂ ಆಗದ ಹಾಗೆ. ದೊಡ್ಡ ಹಾಳೆಯೊಂದನ್ನು ಮಡಿಸಿದರೆ ಹದಿನಾರು ಪುಟ, ಅದಕ್ಕೆ ಫಾರಂ ಎನ್ನುತ್ತಾರೆ. ಇಂಥ ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ನಲ್ಲಿ ಪುಸ್ತಕದ ನಾಲ್ಕನೇ ಫಾರಂ ಮೇಷ್ಟ್ರ ಹೊಟ್ಟೆಗೆ ಸೇರಿತ್ತು, ಮೇಷ್ಟ್ರ ನಾಲ್ಕನೇ ಫಾರಂ ನಲ್ಲಿಯೊಳಗೆ ಹೋಗಿತ್ತು. ಬೈಂಡರಿಗೆ ಫೋನು ಹಚ್ಚಿ ಬಾಯಿಗೆ ಬಂದ ಹಾಗೆ ಬೈದ. ಬೈಂಡರ್ ಪೂರ್ತಿ ಕೇಳಿಸಿಕೊಂಡ, ಅವನಿಗೆ ಪ್ರಕಾಶಕರ ಬೈಗುಳ ಅಂಟಿನ ವಾಸನೆಯಷ್ಟೇ ರೂಢಿ.

"ಸಾರ್, ಪ್ರತಿ ಫಾರಂ ಕೆಳಗೆ ಸಣ್ಣಕ್ಷರದಲ್ಲಿ ಪುಸ್ತಕದ ಹೆಸರು ಹಾಕೋದು ವಾಡಿಕೆ. ಬೇಡ ಅಂದೋರು ನೀವೇ. ಕಾವ್ಯದ ಪುಟಕ್ಕೆ ಅಸಹ್ಯ ಅಂದ್ರಿ."

"ಕಾವ್ಯಕ್ಕೆ ಬೇಡ ಅಂದೆ. ನಲ್ಲಿಗೂ ಯಾಕಯ್ಯಾ ತೆಗೆದೆ?"

"ಪ್ರೆಸ್ಸಿನೋರು ಎರಡಕ್ಕೂ ತೆಗೆದವ್ರೆ. ಕಾಗದ ಒಂದೇ, ಅಳತೆ ಒಂದೇ, ಕೆಳಗೆ ಬರೀ ನಾಲ್ಕು ಅಂತ ಇತ್ತು. ನಾಲ್ಕು ಅಂದ್ರೆ ನಾಲ್ಕೇ ಅಲ್ವಾ ಸಾರ್?"

ಅವನು ಫೋನು ಇಟ್ಟ. ಆ ಸಣ್ಣ ಹೆಸರನ್ನು ತೆಗೆಸಿದ ದಿನ ಅವನಿಗೆ ತನ್ನ ಅಭಿರುಚಿಯ ಬಗ್ಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಮನೆಗೆ ಹೋಗಿ ಹೆಂಡತಿಗೂ ಹೇಳಿದ್ದ. ಕವನವನ್ನು ಓದದಿದ್ದರೂ ಅದರ ಪುಟದ ಅಂದದ ಬಗ್ಗೆ ಅವನಿಗೆ ಅಪಾರ ಕಾಳಜಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥವರಿಗೇ ಇರಬೇಕು. ನಲ್ಲಿ ಪುಸ್ತಕದ ಕಟ್ಟುಗಳು ಬೈಂಡರ್ ಕಡೆಯಿಂದ ನೇರ ಅಂಗಡಿಗಳಿಗೆ ಹೋಗಿಯಾಗಿತ್ತು. ಅಂದರೆ ಊರಲ್ಲಿ ಎಲ್ಲೆಲ್ಲಿ ನಲ್ಲಿ ಸೋರುತ್ತಿದೆಯೋ ಅಲ್ಲೆಲ್ಲ ಈಗ ಮೇಷ್ಟ್ರು. ಅವನು ಕುರ್ಚಿಯಲ್ಲಿ ಕೂತ. ನಗು ಬಂದ ಹಾಗಾಯಿತು, ಬರಲಿಲ್ಲ.

'ಬಾಗಿಲು ತೆಗೆಯಲು ಮಾತ್ರ ನಾನೇ ಏಳಬೇಕು.' ಆ ಹೆಂಗಸು ಎಷ್ಟೇ ಕೆಟ್ಟದಾಗಿ ಓದಿದ್ದರೂ ಸಾಲು ಹೋಗುತ್ತಿರಲಿಲ್ಲ. ಮೇಷ್ಟ್ರ ಮನೆಯ ಬಾಗಿಲು ತೆಗೆಯುತ್ತಿದ್ದದ್ದು ಯಾವಾಗಲೂ ಅವರ ಹೆಂಡತಿ. ಅವನು ಅವರನ್ನು ಅಮ್ಮ ಎನ್ನುತ್ತಿದ್ದ. ಹೈಸ್ಕೂಲಿನ ದಿನಗಳಲ್ಲಿ ಅವರು ಬಾಗಿಲು ತೆಗೆದು, 'ಬಂದ ನೋಡಿ ನಿಮ್ಮ ಗಿರಾಕಿ' ಎಂದು ಒಳಕ್ಕೆ ಕೂಗಿ, ಅವನ ಕೈಗೆ ತಿನ್ನಲು ಏನಾದರೂ ಕೊಟ್ಟೇ ಪುಸ್ತಕ ಕೊಡಿಸುತ್ತಿದ್ದರು. ಎಣ್ಣೆ ಕೈಯಲ್ಲಿ ಪುಟ ಮುಟ್ಟಿದರೆ ಮಾತ್ರ ಬೆನ್ನಿಗೆ ಒಂದು ಬೀಳುತ್ತಿತ್ತು. ಅವನು ಪ್ರಕಾಶಕನಾದ ಮೇಲೆ ಮೇಷ್ಟ್ರು ತಮ್ಮ ಕವನಗಳ ಕಂತೆಯನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಅವನ ಕೈಗೆ ಕೊಟ್ಟರು, 'ಅವಳಿಗೆ ಒಂದು ಪುಸ್ತಕ ಅಂತ ನೋಡೋ ಆಸೆ, ನನಗೇನಿಲ್ಲ' ಎಂದರು. ಈ ವರ್ಷ ಸಾರ್, ಎಂದ. ಆ ವರ್ಷ ಕನಸುಗಳ ಅರ್ಥ ಬಂತು. ಮುಂದಿನ ವರ್ಷ ಖಂಡಿತ ಸಾರ್, ಎಂದ. ಮೇಕೆ ಬಂತು. ಹೋದಾಗಲೆಲ್ಲ ಅಮ್ಮ ಬಾಗಿಲು ತೆಗೆದು ಮೊದಲು ಅವನ ಕೈ ನೋಡುತ್ತಿದ್ದರು, ಆಮೇಲೆ ಮುಖ. 'ಪುಸ್ತಕ ಯಾವಾಗಪ್ಪಾ?' ಎಂದು ಅವರು ಕೇಳುವುದು ತಪ್ಪಲೆಂದು ಹೋಗುವುದನ್ನೇ ಕಡಿಮೆ ಮಾಡಿದ. ಒಂದು ದಿನ ಕೇಳುವುದು ತಪ್ಪಿಯೇ ಹೋಯಿತು. ಅವರು ತೀರಿಕೊಂಡ ಸುದ್ದಿ ಕೇಳಿ ಹೋದಾಗ ಬಾಗಿಲು ತೆರೆದೇ ಇತ್ತು. ಕೆಲವು ತಿಂಗಳಾದ ಮೇಲೆ ಮೇಷ್ಟ್ರು ಇನ್ನಷ್ಟು ಹಾಳೆ ಕಳಿಸಿ, ಇವನ್ನೂ ಸೇರಿಸು ಎಂದಿದ್ದರು. ಸೇರಿಸಿದ. ಮೇಲಿನ ಹಾಳೆಯನ್ನೂ ನೋಡದೆ ಕಂತೆಯೊಳಗೆ ಸೇರಿಸಿ ಅಕ್ಷರ ಜೋಡಿಸುವವರಿಗೆ ದಾಟಿಸಿಬಿಟ್ಟ. ಈಗ ಅದು ನೆನಪಾಯಿತು. ಅವನಿಗೆ ನಾಚಿಕೆಯಾಯಿತು, ಆ ನಾಚಿಕೆಯನ್ನು ಕಂಡವರು ಯಾರೂ ಇಲ್ಲವೆಂದು ಸಮಾಧಾನವೂ ಆಯಿತು.

ಆಮೇಲಿನ ಹೊತ್ತೆಲ್ಲ ಅವನು ಬಹಳ ಚುರುಕಾಗಿದ್ದ. ಬಿಡುಗಡೆಯನ್ನು ಮುಂದೂಡೋಣವೇ ಎಂದು ಯೋಚಿಸಿದ. ಮುಂದೂಡಿದರೆ ಕಾರಣ ಹೇಳಬೇಕು. ನಾಲ್ಕನೇ ಫಾರಂ ಕಿತ್ತು ತೆಗೆಸೋಣವೇ ಎಂದುಕೊಂಡ, ಹೊಲಿಗೆ ಬಿಚ್ಚಿದರೆ ಪುಸ್ತಕವೇ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಯಾರು ಯಾರು ಓದುವ ಸಂಭವವಿದೆ ಎಂದು ಲೆಕ್ಕ ಹಾಕಿದ. ಮೇಷ್ಟ್ರಿಗೆ ಕಣ್ಣಿನ ಪೊರೆ ತೆಗೆದು ಕಪ್ಪು ಕನ್ನಡಕ ಹಾಕಿದ್ದಾರೆ, ಸದ್ಯ ಓದಕೂಡದೆಂದು ಡಾಕ್ಟರ ಅಪ್ಪಣೆ. ವಿಮರ್ಶಕರು ಪುಸ್ತಕದ ಬಗ್ಗೆ ಮಾತಾಡುವವರೇ ಹೊರತು ಓದುವವರಲ್ಲ. ಸಭೆಗೆ ಬರುವವರು ಕಾಫಿ ಇದೆಯೇ ಎಂದು ನೋಡಿ ಬರುವವರು. ಹಾಗೆ ನೋಡಿದರೆ ಇದರಷ್ಟು ಸುರಕ್ಷಿತವಾದ ಪುಸ್ತಕ ಇನ್ನೊಂದಿಲ್ಲ! ಒಳ್ಳೆಯ ಪ್ರತಿಗಳು ಆಮೇಲೆ ಸದ್ದಿಲ್ಲದೆ ಬಂದರಾಯಿತು. ನಲ್ಲಿಯ ಹೆಂಗಸು ಮತ್ತೆ ಫೋನು ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು, ದನಿ ಅಡಗಿಸಿಟ್ಟ. ಮೇಜಿನ ಮೇಲೆ ಫೋನು ಜಿರಳೆಯ ಹಾಗೆ ಗಿರಗಿರ ಸರಿಯಿತು. ಅವನಿಗೆ ಅಂದು ಏನೆಲ್ಲ ಹೊಳೆಯಿತು, ಪ್ರೆಸ್ಸಿನವರ ಮೇಲೆ ಕೂಗಾಡುವುದು ಹೊಳೆಯಿತು, ಜ್ವರ ಬಂದು ಮಲಗುವುದು ಹೊಳೆಯಿತು. ಅಕ್ಷರ ಜೋಡಿಸುವವರ ಹತ್ತಿರ ಹೋಗಿ ಆ ಕವನಗಳನ್ನು ಒಂದು ಸಲ ಓದಿಬಿಡೋಣ ಎಂಬುದೊಂದು ಮಾತ್ರ ಹೊಳೆಯಲೇ ಇಲ್ಲ.

ಸಂಜೆ ಸಭಾಂಗಣದ ಬಾಗಿಲಲ್ಲಿ ಹೆಂಡತಿ ಸಿಕ್ಕಳು, ತನ್ನ ಆಫೀಸಿನಿಂದ ನೇರ ಬಂದಿದ್ದಳು. ಅವಳಿಗೆ ಒಂದು ಕೆಟ್ಟ ಚಾಳಿ, ಕೈಗೆ ಸಿಕ್ಕ ಪುಸ್ತಕವನ್ನು ತೆರೆದು ಓದುವುದು. ಅವನು ಮೇಷ್ಟ್ರನ್ನು ಕೈಹಿಡಿದು ಮುಂದಿನ ಸಾಲಿಗೆ ಕರೆತಂದು ಕೂರಿಸಿ ಹಿಂದಿರುಗುವಷ್ಟರಲ್ಲಿ ಅವಳು ನಡುವಿನ ಪುಟಗಳಿಗೆ ಬಂದಾಗಿತ್ತು.

"ರೀ, ನಿಮ್ಮ ಮೇಷ್ಟ್ರು ನಲ್ಲಿ ರಿಪೇರಿನೂ ಮಾಡ್ತಾರಾ?"

"ಸುಮ್ನಿರು. ಆಮೇಲೆ ಹೇಳ್ತೀನಿ."

"ಅವರಿಗೆ ಹೇಳಿದ್ರಾ?"

"ಯಾಕೆ ಹೇಳ್ಬೇಕು? ಸಂತೋಷದ ದಿನ."

"ಯಾರ ಸಂತೋಷ?" ಎಂದಳು. ಅವನು ಮೈಕು ಸರಿಯಿದೆಯೇ ನೋಡುವ ನೆಪದಲ್ಲಿ ಅಲ್ಲಿಂದ ಜಾಗ ಖಾಲಿ ಮಾಡಿದ.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು, ಒಂದು ಗುಂಡಿ ಮೇಲಿನ ಕಾಜಕ್ಕೆ ಹೋಗಿತ್ತು. ಅಮ್ಮ ಇದ್ದಿದ್ದರೆ ಬಾಗಿಲಲ್ಲೇ ನಿಲ್ಲಿಸಿ ಸರಿಮಾಡುತ್ತಿದ್ದರು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ತೆರೆಯದೆ, ಅಂಚಿನ ಮೇಲೆ ಬೆರಳಾಡಿಸುತ್ತಿದ್ದರು. 'ದಪ್ಪ ಬಂದಿದೆ ಕಣಯ್ಯ,' ಎಂದು ಅವನಿಗೆ ಹೇಳಿದರು. ಗುಂಡಿ ಸರಿಮಾಡಲೇ ಎಂದುಕೊಂಡ, ಕೈ ಮುಂದೆ ಹೋಗಲಿಲ್ಲ. ವಿಮರ್ಶಕರು ಮೈಕಿನ ಮುಂದೆ ನಿಂತು, ಬರುವ ದಾರಿಯಲ್ಲಿ ಕಾರಿನಲ್ಲಿ ಪುಟ ತಿರುವಿದ್ದ ಪುಸ್ತಕವನ್ನು ಎತ್ತಿ ಹಿಡಿದು, ತಾವು ಇದರೊಂದಿಗೆ ವಾರಗಟ್ಟಲೆ ಬದುಕಿರುವುದಾಗಿ ಘೋಷಿಸಿದರು. ಕವಿಯ ಮೊದಲ ಘಟ್ಟ, ಎರಡನೆಯ ಘಟ್ಟ ಎಲ್ಲ ಮುಗಿಸಿದರು. ಅವೆಲ್ಲ ಬೆನ್ನುಡಿಯಲ್ಲಿದ್ದವು. ಆಮೇಲೆ ದನಿ ತಗ್ಗಿಸಿದರು. "ಆದರೆ ಈ ಸಂಕಲನದ ಹೃದಯ ಇರುವುದು ಅದರ ನಡುವಿನಲ್ಲಿ. ಇಲ್ಲಿ ಕವಿ ಅಲಂಕಾರಗಳನ್ನೆಲ್ಲ ಕಳಚಿ ಎಸೆದಿದ್ದಾರೆ. ಕೇಳಿ: 'ಮೊದಲು ನೀರು ನಿಲ್ಲಿಸಿ. ಒಳಗೆ ಉಳಿದದ್ದು ತಾನಾಗಿ ಹರಿದುಹೋಗಲಿ. ಆತುರ ಬೇಡ.' ಇದು ವೈರಾಗ್ಯವಲ್ಲದೆ ಮತ್ತೇನು? 'ಅತಿಯಾಗಿ ಬಿಗಿದರೆ ಮತ್ತೆ ಸೋರುತ್ತದೆ.' ಆಹಾ! ದಾಂಪತ್ಯದ ಬಗ್ಗೆ ಇದಕ್ಕಿಂತ ಹೆಚ್ಚು ಏನು ಹೇಳಬಹುದು? ಪಕ್ಕದಲ್ಲೊಂದು ರೇಖಾಚಿತ್ರ, ವೃತ್ತ, ಅದರೊಳಗೆ ಶೂನ್ಯ." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇರುತ್ತಾರೆ. ಇವರು ಕರುವಿಗೆ ನಾಮಕರಣವನ್ನೂ ಮುಗಿಸಿದ್ದರು. ಸಭೆ ಚಪ್ಪಾಳೆ ತಟ್ಟಿತು. ಪ್ರಕಾಶಕ ಎಲ್ಲರಿಗಿಂತ ಮೊದಲು ಶುರುಮಾಡಿ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ. ಗೆದ್ದೆ ಎಂದುಕೊಂಡ.

ಆಗ ಮೇಷ್ಟ್ರು ಅವನ ತೋಳು ಹಿಡಿದು ಹತ್ತಿರಕ್ಕೆ ಎಳೆದರು.

"ಇದು ನಾನು ಬರೆದದ್ದೇನಯ್ಯಾ?"

ಕಪ್ಪು ಕನ್ನಡಕದೊಳಗೆ ಕಣ್ಣು ಕಾಣುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಹೆಂಡತಿಯ ಬಳೆ ಸದ್ದು ನಿಂತಿತು. ಒಂದು ಮಾತು ಸಾಕಿತ್ತು. ಇಲ್ಲ ಸಾರ್, ಬೈಂಡಿಂಗಿನಲ್ಲಿ ಎಡವಟ್ಟಾಗಿದೆ ಎಂದಿದ್ದರೆ ಬೈಯುತ್ತಿದ್ದರು, ಬಹುಶಃ ನಗುತ್ತಿದ್ದರು. ಅವನ ನಾಲಿಗೆ ಬೆನ್ನುಡಿ ಬರೆದು ಪಳಗಿದ ನಾಲಿಗೆ.

"ಹೌದು ಸಾರ್. ನಿಮ್ಮದೇ."

"ಓ," ಎಂದರು ಮೇಷ್ಟ್ರು. ತೋಳಿನ ಮೇಲಿನ ಹಿಡಿತ ಸಡಿಲವಾಯಿತು. "ನೆನಪೇ ಇಲ್ಲ ಕಣಯ್ಯ. ಒಂದು ಸಾಲೂ ನೆನಪಿಲ್ಲ."

ಪುಸ್ತಕದ ಅಂಚಿನ ಮೇಲೆ ಆಡುತ್ತಿದ್ದ ಬೆರಳು ನಿಂತುಬಿಟ್ಟಿತು. ಅವರು ಅದನ್ನು ತೊಡೆಯಿಂದ ತೆಗೆದು ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟರು, ಇನ್ನೊಬ್ಬರದು ಕೈತಪ್ಪಿ ಬಂದಿದೆ ಎಂಬ ಹಾಗೆ. ಅದು ಹಾಗೆ ಬಂದದ್ದೇ ನಿಜ. ಅವನು ಮುಖ ಆಚೆ ತಿರುಗಿಸಿದರೆ ಅಲ್ಲಿ ಹೆಂಡತಿ ನೋಡುತ್ತಿದ್ದಳು. ಬೈಗುಳ ತಿನ್ನುವುದು ಅವನಿಗೆ ಅಭ್ಯಾಸವಿತ್ತು. ಅವಳು ಬರೀ ಪುಸ್ತಕ ಮುಚ್ಚಿದಳು.

ಮೇಷ್ಟ್ರನ್ನು ಮೈಕಿನ ಹತ್ತಿರ ಕರೆದೊಯ್ದರು. ಅವರು ಕೈಯಿಂದ ತಡವಿ ಮೈಕಿನ ಕಂಬ ಹಿಡಿದುಕೊಂಡು ಮಾತಾಡಿದರು. "ನಾನು ಪಾಠ ಮಾಡಿದವನು, ಭಾಷಣ ಬರಲ್ಲ. ಅವರು ಓದಿದ ಸಾಲು ಕೇಳಿದೆ. ಚೆನ್ನಾಗಿರಬಹುದು. ಆದರೆ ಅವು ನನ್ನವು ಅಂತ ನನಗೆ ಅನ್ನಿಸಲೇ ಇಲ್ಲ. ಬರೆದದ್ದನ್ನ ಶಿಷ್ಯನ ಕೈಗೆ ಕೊಟ್ಟ ಮೇಲೆ ತಲೆಯಿಂದ ಇಳಿಸಿಬಿಟ್ಟಿದ್ದೆ, ಅದು ಸರಿ. ಇಳಿಸಿದ್ದನ್ನ ಮತ್ತೆ ಕಂಡರೆ ಗುರುತಾದರೂ ಹತ್ತಬೇಕಲ್ಲ? ತಲೆ ಹೋಗ್ತಾ ಇದೆ ಅಂತ ಕಾಣುತ್ತೆ. ಅವಳ ಬಗ್ಗೆ ಬರೆದದ್ದೂ ಹೀಗೇ ಹೋಗಿದ್ರೆ..." ಅಲ್ಲಿಗೆ ನಿಲ್ಲಿಸಿ ಕೆಮ್ಮಿದರು. "ಹೋಗಲಿ. ನಾನು ಮರೆತರೂ ಓದಿದವನೊಬ್ಬ ಇದ್ದಾನೆ. ನನ್ನ ಶಿಷ್ಯ. ಬಾರಯ್ಯ. ಯಾವುದು ಹಿಡಿಸ್ತು, ಹೇಳು."

ಸಭೆ ಅವನತ್ತ ತಿರುಗಿ ಮುಗುಳ್ನಕ್ಕಿತು. ಇಡೀ ಪ್ರಕಾಶನದಲ್ಲಿ, ಮೇಕೆಯಿಂದ ಮಹಾಕಾವ್ಯದವರೆಗೆ, ಅವನಿಗೆ ಬಾಯಿಗೆ ಬರುತ್ತಿದ್ದದ್ದು ಒಂದೇ ಕವನ. ಅದೂ ಅರ್ಧ. ಅದು ಈ ಪುಸ್ತಕದಲ್ಲಿಲ್ಲ. ಬೇರೆ ಏನಾದರೂ ಹೇಳೋಣವೆಂದರೆ ಬೇರೆ ಏನೂ ಗೊತ್ತಿಲ್ಲ. 'ಎಲ್ಲವೂ ಅದ್ಭುತ ಸಾರ್' ಎಂಬುದು ತುಟಿಯವರೆಗೆ ಬಂತು. ಮೇಷ್ಟ್ರು ಕತ್ತು ವಾಲಿಸಿ ಅವನ ಹೆಜ್ಜೆಯ ಸದ್ದಿಗೆ ಕಾಯುತ್ತಿದ್ದರು, ಕಾಜ ತಪ್ಪಿದ ಗುಂಡಿಯಿಂದ ಅಂಗಿಯ ಕೊರಳು ಒಂದು ಕಡೆಗೆ ಎತ್ತಿಕೊಂಡಿತ್ತು. ಅವನು ಎದ್ದು ಹೋಗಿ ಮೈಕಿನ ಪಕ್ಕ ನಿಂತ. ಹೈಸ್ಕೂಲಿನಲ್ಲಿ ನಿಲ್ಲುತ್ತಿದ್ದ ಹಾಗೆ ಕೈ ಹಿಂದೆ ಕಟ್ಟಿದ್ದನ್ನು ಆಮೇಲೆ ಗಮನಿಸಿದ.

"'ನೀನು ಹೋದ ಮೇಲೆ ಮನೆಯಲ್ಲಿ ಹೆಚ್ಚೇನೂ ಬದಲಾಗಿಲ್ಲ,'" ಎಂದ. "'ಬಾಗಿಲು ತೆಗೆಯಲು ಮಾತ್ರ ನಾನೇ ಏಳಬೇಕು.'"

ಮೇಷ್ಟ್ರ ಮುಖ ಅರಳಿತು. "ಇದು ನನ್ನದು! ಇದು ನನ್ನದೇ ಕಣಯ್ಯ. ಅವಳು ಹೋದ ವರ್ಷ ಬರೆದದ್ದು." ಮೈಕು ಇದೆ ಎಂಬುದು ಅವರಿಗೆ ಮರೆತೇಹೋಗಿತ್ತು. "ಮುಂದೆ? ಮುಂದೆ ಹೇಗೆ ಬರುತ್ತೆ ಅದು?"

ಅವನು ಮೈಕಿನ ತಂತಿಯನ್ನು ನೋಡಿದ.

"ಮಂಡಿ ಬಗ್ಗೆ ಏನೋ ಬರುತ್ತೆ ಅಲ್ಲವಾ? ತಡಿ, ಯಾಕೆ ಕಷ್ಟ, ಪುಸ್ತಕದಲ್ಲಿದೆಯಲ್ಲ. ನೋಡಿ ಓದು."

ಯಾರೋ ಒಂದು ಪ್ರತಿಯನ್ನು ಅವನ ಕೈಗೆ ಕೊಟ್ಟರು. ಅವನು ಅದನ್ನು ತೆರೆಯಲಿಲ್ಲ. "ಒಂದು ನಿಮಿಷ ಸಾರ್," ಎಂದು ವೇದಿಕೆ ಇಳಿದು, ಸಾಲುಗಳ ಮಧ್ಯೆ ನಡೆದು, ಬಾಗಿಲು ದಾಟಿ ಹೊರಗಿನ ಪಡಸಾಲೆಗೆ ಬಂದು ಬಾಗಿಲು ಎಳೆದುಕೊಂಡ. ಕನ್ನಡಕ ತರಲು ಹೋದರು ಎಂದು ಒಳಗೆ ಯಾರೋ ಹೇಳಿದ್ದು ಕೇಳಿಸಿತು. ಪಡಸಾಲೆಯ ಆಚೆ ಕೊನೆಗೆ ಬೀದಿ ಕಾಣುತ್ತಿತ್ತು. ಹೊರಟುಹೋಗಬಹುದಿತ್ತು, ನಾಳೆ ಬೆಳಿಗ್ಗೆ ಹೊಟ್ಟೆನೋವು ಎನ್ನಬಹುದಿತ್ತು. ಅವನಂಥವರಿಗೆ ಅದು ಹೊಸದಲ್ಲ. ಫೋನು ತೆಗೆದು, ಬೆಳಗಿನಿಂದ ತಪ್ಪಿಸಿಕೊಂಡ ನಂಬರನ್ನು ಒತ್ತಿದ.

"ಈಗಲೇ ಅಂದ್ರೆ ಸಂಜೆ ಅಂತಾನಾ ನಿಮ್ಮ ಕಡೆ?" ಎಂದಳು ನಲ್ಲಿಯ ಹೆಂಗಸು. ಹಿಂದೆ ನೀರು ಪಾತ್ರೆಗೆ ಬೀಳುವ ಸದ್ದು.

"ತಪ್ಪಾಯ್ತಮ್ಮ. ಬೆಳಿಗ್ಗೆ ಓದಿದ್ರಲ್ಲ, ಬಾಗಿಲು ತೆಗೆಯೋದು. ಅದರ ಮುಂದಿಂದು ಓದಿ. ದಯವಿಟ್ಟು."

"ಮೊದಲು ನನ್ನ ಮುಂದಿಂದು ಹೇಳಿ. ವಾಷರ್ ತೆಗೆಯೋ ಮುನ್ನ ಏನು ಗಮನಿಸ್ಬೇಕು?"

ವಾದಿಸಲು ಅವನ ಹತ್ತಿರ ಏನೂ ಉಳಿದಿರಲಿಲ್ಲ. ಕೈಯಲ್ಲಿದ್ದ ಕವನ ಸಂಕಲನ ತೆರೆದ, ಕಿಟಕಿಯ ಬೆಳಕಿಗೆ ಹಿಡಿದ, ಓದತೊಡಗಿದ. ಮೊದಲು ನೀರು ನಿಲ್ಲಿಸಿ. ನಿಲ್ಲಿಸಿದೆ, ಎಂದಳು. ಒಳಗೆ ಉಳಿದದ್ದು ತಾನಾಗಿ ಹರಿದುಹೋಗಲಿ, ಆತುರ ಬೇಡ. ಇಬ್ಬರೂ ಕಾದರು. ಅವಳು ಸ್ಪ್ಯಾನರ್ ಹಾಕಿ ತಿರುಗಿಸುವಾಗ ಏದುಸಿರು ಬಿಡುವುದು ಕೇಳಿಸಿತು. ಹಳೆಯ ವಾಷರ್ ಅಂಟಿಕೊಂಡಿದ್ದರೆ ಎಬ್ಬಿಸುವುದು ಹೇಗೆ ಎಂಬುದನ್ನು ಎರಡು ಸಲ ಓದಿಸಿದಳು. ತಾನು ಪ್ರಕಟಿಸಿದ ಪುಸ್ತಕವೊಂದನ್ನು ಅವನು ಮುಂದೇನು ಬರುತ್ತದೋ ಎಂದು ಓದಿದ್ದು ಅದೇ ಮೊದಲು, ಮತ್ತು ಅದು ಚೆನ್ನಾಗಿತ್ತು, ಸಾಲಿನಿಂದ ಸಾಲಿಗೆ ಸರಿಯಾಗಿ ಬರೆದಿತ್ತು, ಬರೆದವನಿಗೆ ನಲ್ಲಿ ಗೊತ್ತಿತ್ತು. ಅತಿಯಾಗಿ ಬಿಗಿದರೆ ಮತ್ತೆ ಸೋರುತ್ತದೆ, ಎಂದು ಮುಗಿಸಿದ. ಅವಳು ಮತ್ತೆ ನೀರು ಬಿಟ್ಟು ನಲ್ಲಿ ತಿರುಗಿಸಿ ನೋಡಿದ್ದು ಕೇಳಿಸಿತು.

"ನಿಂತಿತು," ಎಂದಳು. ದನಿಯ ಹರಿತ ಹೋಗಿತ್ತು. "ಸರಿ, ಬರ್ಕೊಳ್ತೀರಾ?"

"ಬೇಡಮ್ಮ. ಓದಿ ಸಾಕು."

ಪುಟ ತಿರುವಿದ ಸದ್ದಾಯಿತು. ಈ ಸಲ ಅವಳು ಔಷಧಿ ಚೀಟಿಯ ಹಾಗೆ ಓದಲಿಲ್ಲ. ದಿನವೆಲ್ಲ ನಲ್ಲಿಯ ಪಕ್ಕ ಕೂತು ಅದನ್ನು ಇನ್ನೂ ಕೆಲವು ಸಲ ಓದಿಕೊಂಡಿದ್ದಳೋ ಏನೋ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು.

"'ಮಂಡಿ ನೋವು. ಆದರೂ
ಪ್ರತಿ ಸಲವೂ ಬೇಗ ಏಳುತ್ತೇನೆ.
ನಿನ್ನ ಪುಸ್ತಕ ತರುತ್ತೇನೆ ಎಂದವನು
ಬಂದಿರಬಹುದು.'"

"ಇಷ್ಟೇ," ಎಂದಳು. "ಪಾಪ, ಆಮೇಲೆ ತಂದನಾ ಅವನು?"

ಅವನು ಬಾಗಿಲ ಕಡೆಗೆ ತಿರುಗಿದ. ಫೋನು ಯಾವಾಗ ಜೇಬಿಗೆ ಹೋಯಿತೋ ಗೊತ್ತಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದ. ಹಿಡಿ ಸ್ವಲ್ಪ ಕಿರುಗುಟ್ಟಿತು. ಒಳಗೆ ಸಭೆಯ ಗುಜುಗುಜು ನಿಂತು, ಮೈಕಿನಲ್ಲಿ ಮೇಷ್ಟ್ರ ದನಿ ಬಂತು.

"ಬಾಗಿಲ ಹತ್ತಿರ ಯಾರೋ ಬಂದ ಹಾಗಾಯ್ತು. ಯಾರು ನೋಡಿ, ಅವನೇನಾ?"

ಅವನು ಬಾಗಿಲು ತಳ್ಳಿದ. ಮೇಷ್ಟ್ರು ಮೈಕಿನ ಕಂಬ ಹಿಡಿದುಕೊಂಡು ಬಾಗಿಲ ಕಡೆಗೆ ಆಗಲೇ ಎರಡು ಹೆಜ್ಜೆ ಬಂದಿದ್ದರು.

"ನಾನೇ ಸಾರ್," ಎಂದ. "ಪುಸ್ತಕ ಇನ್ನೂ ತಂದಿಲ್ಲ."